ಮಂಡಿ ಮೊಹಲ್ಲಾದಲ್ಲೊಂದು ಮುಳ್ಳಿನ ಅಂಗಡಿ

ಅಪ್ಪ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿದ್ದರು. ಬೋನಸ್ ಕೈಗೆ ಬಂದಾಗ ಮೈಸೂರಿಗೆ ಹೋಗಿ ಹಾಡಿನ ಗ್ರಾಮಫೋನ್ ಪ್ಲೇಟು ತರುತ್ತಿದ್ದರು. ಅವರು ಬಿಟ್ಟುಹೋದ ಟ್ರಂಕನ್ನು ಹೋದ ದಸರಾ ರಜೆಯಲ್ಲಿ ತೆರೆದೆ: ನಿಧಾನ ತಿರುಗಿ ಹೆಚ್ಚು ಹೊತ್ತು ಹಾಡುವ 83 ಎಲ್‌ಪಿ, ತಳದಲ್ಲಿ ನಿಮಿಷಕ್ಕೆ 78 ಸುತ್ತು ತಿರುಗುವ 31 ಹಳೆಯ 78ರ ಪ್ಲೇಟುಗಳು. ಎಲ್ಲವೂ ವಿನೈಲ್ ಪ್ಲಾಸ್ಟಿಕ್ಕಿನದೆಂದುಕೊಂಡು ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಒರೆಸಿದೆ. ಎಲ್‌ಪಿ ಫಳಫಳ ಎಂದಿತು. 78ರ ಪ್ಲೇಟಿನ ಮೈ ಬೂದಿ ಬಳಿದಂತಾಗಿ ಹತ್ತಿ ಕಪ್ಪಾಯಿತು. ಅದು ಅರಗಿನ ಪ್ಲೇಟು, ಸ್ಪಿರಿಟ್ ಅರಗನ್ನೇ ಕರಗಿಸುತ್ತದೆ ಎಂದು ತಿಳಿದದ್ದು ಆಮೇಲೆ, ಮೈಸೂರಿನ ಮಂಡಿ ಮೊಹಲ್ಲಾದ ಈ ಪ್ಲೇಯರ್ ರಿಪೇರಿ ಅಂಗಡಿಯಲ್ಲಿ ಬೈಸಿಕೊಂಡಾಗ.

ಅಂಗಡಿ ಎಂದರೆ ಒಂದು ಕೋಣೆ, ಫಲಕವಿಲ್ಲ. ಮಂಡ್ಯದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದ ಅಪ್ಪನ ಸೂಟ್‌ಕೇಸ್ ಪ್ಲೇಯರನ್ನು ಮಾಲೀಕರು ತೆರೆದರು. ಎಲ್‌ಪಿ ಹಾಕಿ, ಅಂಚಿಗೊಂದು ಚೂರು ಕಾಗದ ಸಿಕ್ಕಿಸಿ, ಕೈಗಡಿಯಾರ ನೋಡುತ್ತಾ ಸುತ್ತು ಎಣಿಸಿದರು. ಮೂರು ನಿಮಿಷಕ್ಕೆ ಸರಿಯಾಗಿ 100 ಬರಬೇಕು, ಬಂದದ್ದು 91. ಒಳಗಿನ ರಬ್ಬರ್ ಗಾಲಿ ಕಲ್ಲಾಗಿ ಜಾರುತ್ತಿತ್ತು. ಬಿಸ್ಮಿಲ್ಲಾ ಖಾನರ ಶಹನಾಯಿಯ ತೂಕಡಿಕೆಯನ್ನು ನಾನು ರಾಗದ ಗಾಂಭೀರ್ಯವೆಂದು ನಾಲ್ಕು ತಿಂಗಳು ತಲೆದೂಗಿದ್ದೆ!

ಪ್ಲೇಟಿನ ಗೆರೆಯಲ್ಲಿ ಓಡಿ ಸದ್ದು ಹೊರಡಿಸುವ ಮುಳ್ಳಿನ ವಿಷಯ ಇನ್ನೂ ನಾಚಿಕೆಗೇಡು. ತೋಳಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಒಂದು ಪ್ಲಾಸ್ಟಿಕ್ ಹಿಡಿ ಇದೆ. ಅದನ್ನು ಉಗುರಿನಿಂದ ತಿರುಗಿಸಿದರೆ ಮುಳ್ಳು ಮಗುಚಿ ಬೆನ್ನಿಗಿರುವ ಇನ್ನೊಂದು ಮುಳ್ಳು ಕೆಳಗೆ ಬರುತ್ತದೆ: ಒಂದು ಎಲ್‌ಪಿಗೆ, ಒಂದು 78ಕ್ಕೆ. ನಾನು ಅದನ್ನು ಮುಟ್ಟಿದವನೇ ಅಲ್ಲ. 78ರ ಗೆರೆ ಎಲ್‌ಪಿಯದಕ್ಕಿಂತ ಸುಮಾರು ಮೂರು ಪಟ್ಟು ಅಗಲ; ಸಣ್ಣ ಮುಳ್ಳು ಅದರ ತಳಕ್ಕಿಳಿದು ಕಸ ಕೆರೆಯುತ್ತದೆ. ಒಗ್ಗರಣೆಯ ಚಟಪಟ ಸದ್ದು ಅಲ್ಲಿಂದಲೇ ಬರುತ್ತಿತ್ತು. ಎರಡೂ ಮುಳ್ಳು ಸವೆದಿದ್ದವು.

ಹೊಸ ಮುಳ್ಳಿನ ಜೋಡಿಗೆ 650 ರೂಪಾಯಿ, ಗಾಲಿಗೆ ಹೊಸ ರಬ್ಬರಿಗೆ 400. ದುಬಾರಿ ಎನಿಸಲಿಲ್ಲ. ಎನಿಸಿದ್ದು ಬೇರೆ: "ಗುರುವಾರ ಬನ್ನಿ" ಎಂದವರು ಮೂರು ಗುರುವಾರ ದಾಟಿಸಿದರು, ಫೋನ್ ಎತ್ತಲಿಲ್ಲ, ರಸೀದಿ ಕೊಡಲಿಲ್ಲ. ಮೇಲೆ, "ಆ 78ರ ಪ್ಲೇಟುಗಳು ಇನ್ನೇಕೆ, ಒಟ್ಟಿಗೆ 2,000ಕ್ಕೆ ಕೊಟ್ಟುಬಿಡಿ" ಎಂದರು. ಕೈಕೆಲಸದಲ್ಲಿ ಅವರನ್ನು ಕಣ್ಣುಮುಚ್ಚಿ ನಂಬಬಹುದು, ವ್ಯಾಪಾರದಲ್ಲಿ ಕಣ್ಣು ತೆರೆದಿರಿ. ಅಂಗಡಿಗೆ ನನ್ನ ಅಂಕ ಐದಕ್ಕೆ ನಾಲ್ಕು.

ಮನೆಗೆ ಬಂದು ಮೊದಲು ಹಾಕಿದ್ದು ಟಿ. ಚೌಡಯ್ಯನವರ ಪಿಟೀಲಿನ ಪ್ಲೇಟು. ನಾಲ್ಕು ತಂತಿಯ ವಾದ್ಯಕ್ಕೆ ಏಳು ತಂತಿ ಕಟ್ಟಿದವರು, ತಿರುಮಕೂಡಲಿನವರು. ಅಪ್ಪನಿಗೆ ಅವರು ನಮ್ಮ ಕಾವೇರಿಯ ಕಡೆಯವರೆಂಬ ಸಲುಗೆ. ಮೂರು ನಿಮಿಷದಲ್ಲಿ ಮುಗಿದುಹೋಗುತ್ತದೆ. ಆದರೆ ಕಮಾನು ತಂತಿಯಿಂದ ತಂತಿಗೆ ದಾಟುವಾಗಿನ ಉಜ್ಜಾಟ ಈಗ ಬೇರೆಯಾಗಿ ಕೇಳುತ್ತದೆ. ಅಂಚಿನಲ್ಲಿ ಕೂದಲೆಳೆಯ ಬಿರುಕಿದೆ, ಸುತ್ತಿಗೊಮ್ಮೆ ಟಿಕ್ ಎನ್ನುತ್ತದೆ. ಅಂಟು ಹಾಕಬೇಡಿ ಎಂದು ಮಾಲೀಕರು ಪುಕ್ಕಟೆಯಾಗಿ ಹೇಳಿದ್ದರು.

ಹೋಗುವವರು ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ, ನಿಲ್ಲಿಸಿ ಒಯ್ಯಿರಿ. ಅಂಗಡಿ ತೆರೆಯುವುದು ಹನ್ನೊಂದರ ಮೇಲೆ. ಮಂಗಳವಾರ ರಜೆ, ಅದನ್ನು ನಾನು ಮಂಗಳವಾರ ಹೋಗಿ ತಿಳಿದುಕೊಂಡೆ.