ನೈರೋಬಿಯಿಂದ ಕೇಪ್‌ಟೌನ್‌ಗೆ: ಮೂರು ಬೈಕ್, ಒಂದೇ ಗುಂಪು

ಗೆಳೆಯರ ಜೊತೆ ಆಫ್ರಿಕಾದ ಉದ್ದಕ್ಕೂ ಬೈಕಿನಲ್ಲಿ ಹೊರಡುವವರೆಲ್ಲ ಮೊದಲು ಕೇಳುವುದು, ಯಾವ ಬೈಕ್ ಒಯ್ಯಲಿ ಎಂದು. ಈ ಪ್ರಶ್ನೆಯನ್ನು ಒಬ್ಬೊಬ್ಬರೇ ಕೇಳಿಕೊಂಡು ಒಬ್ಬೊಬ್ಬರೇ ಉತ್ತರಿಸಿಕೊಳ್ಳುವುದರಲ್ಲಿ ತೊಂದರೆ ಶುರುವಾಗುತ್ತದೆ. ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕ ಟ್ಯಾಂಕ್ ಯಾರದೋ, ಅವರು ನಿಂತಲ್ಲಿ ಎಲ್ಲರೂ ನಿಲ್ಲಬೇಕು. ಎಲ್ಲರಿಗಿಂತ ಭಾರದ ಬೈಕ್ ಯಾರದೋ, ಅವರಿಗೆ ಆಗುವ ದಾರಿಯನ್ನೇ ಎಲ್ಲರೂ ಹಿಡಿಯಬೇಕು. ಮೂರು ಬಗೆಯ ಬೈಕುಗಳನ್ನು ಅದಲುಬದಲು ಮಾಡಿ ಓಡಿಸಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇದು.

ನನ್ನದು ಬೆಂಗಳೂರಿನಲ್ಲಿ ನೋಂದಣಿಯಾದ 411 ಸಿಸಿಯ ರಾಯಲ್ ಎನ್‌ಫೀಲ್ಡ್ ಹಿಮಾಲಯನ್. ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರಿನಿಂದ ಹಡಗಿನಲ್ಲಿ ಮೊಂಬಾಸಾಕ್ಕೆ ಕಳಿಸಿ, ಅಲ್ಲಿಂದ ನೈರೋಬಿಗೆ ಓಡಿಸಿಕೊಂಡು ಬಂದಿದ್ದೆ. ನೈರೋಬಿಯಲ್ಲಿ ನೆಲೆಸಿರುವ ಹುಬ್ಬಳ್ಳಿಯ ಗೆಳೆಯನದು ಬಿಎಂಡಬ್ಲ್ಯು ಆರ್ 1200 ಜಿಎಸ್. ಅವನ ಸಹೋದ್ಯೋಗಿ, ನಕುರು ಕಡೆಯ ಕೀನ್ಯಾದವನು, ಹೋಂಡಾ ಸಿಆರ್‌ಎಫ್ 300 ಎಲ್ ತಂದಿದ್ದ. ನಾಮಾಂಗಾ ಗಡಿ ದಾಟಿ ತಾಂಜಾನಿಯಾದ ಅರುಷಾ, ಡೊಡೊಮಾ, ಇರಿಂಗಾ, ಎಂಬೆಯಾ; ಅಲ್ಲಿಂದ ಮಲಾವಿ, ಜಾಂಬಿಯಾ, ಬೋಟ್ಸ್ವಾನಾ, ನಮೀಬಿಯಾ; ಕೊನೆಗೆ ಆರೆಂಜ್ ನದಿ ದಾಟಿ ದಕ್ಷಿಣ ಆಫ್ರಿಕಾದ ಎನ್7 ಹೆದ್ದಾರಿ. ಈ ಏಳೂ ದೇಶಗಳಲ್ಲಿ ನಮ್ಮಂತೆಯೇ ಎಡಬದಿಯ ಸಂಚಾರ. ಮೊದಲ ಬಾರಿ ಹೋಗುವ ಕನ್ನಡಿಗರಿಗೆ ಅದೊಂದು ದೊಡ್ಡ ನಿರಾಳ.

ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಜಿಎಸ್ ಸಾಮಾನಿಲ್ಲದೆ 238 ಕೆ.ಜಿ., ಶಕ್ತಿ 125 ಅಶ್ವಶಕ್ತಿ, ಟ್ಯಾಂಕ್ 20 ಲೀಟರ್. ಹಿಮಾಲಯನ್ ಸುಮಾರು 200 ಕೆ.ಜಿ., 24 ಅಶ್ವಶಕ್ತಿ, 15 ಲೀಟರ್. ಸಿಆರ್‌ಎಫ್ ಬರೀ 142 ಕೆ.ಜಿ., 27 ಅಶ್ವಶಕ್ತಿ, 7.8 ಲೀಟರ್. ಕಾಗದದ ಮೇಲೆ ನೋಡಿದರೆ ಇವು ಮೂರೂ ಒಂದೇ ದಾರಿಗೆ ಬರುವ ಗಾಡಿಗಳೇ ಅಲ್ಲ.

ತಾಂಜಾನಿಯಾದಲ್ಲಿ ಮೂರರ ನಡುವೆ ವ್ಯತ್ಯಾಸವೇ ಕಾಣಲಿಲ್ಲ. ಟಾರು ರಸ್ತೆ ಚೆನ್ನಾಗಿದೆ, ಆದರೆ ಊರು ಬಂದಾಗಲೆಲ್ಲ ಮಿತಿ ಗಂಟೆಗೆ 50 ಕಿ.ಮೀ. ಮರದ ನೆರಳಿನಲ್ಲಿ ವೇಗ ಅಳೆಯುವ ಯಂತ್ರ ಹಿಡಿದ ಬಿಳಿ ಸಮವಸ್ತ್ರದ ಪೊಲೀಸರು, ಊರಿನ ಆಚೆಗೂ ಈಚೆಗೂ ಸಾಲು ಸಾಲು ಹಂಪುಗಳು. 125 ಅಶ್ವಶಕ್ತಿಯ ಬೈಕ್ ಅಲ್ಲಿ ಮೂರನೇ ಗೇರಿನಲ್ಲಿ ತೆವಳುತ್ತದೆ. ಪಕ್ಕದಲ್ಲೇ ಹಿಂದೆ ಇಬ್ಬರನ್ನು ಕೂರಿಸಿಕೊಂಡ ಬೋಡಾ ಬೋಡಾ, ಅಂದರೆ ಬೈಕ್ ಟ್ಯಾಕ್ಸಿ, ಅದೇ ವೇಗದಲ್ಲಿ ಹೋಗುತ್ತಿರುತ್ತದೆ. ಅದು ನಮ್ಮ ದೇಶದ ಬಜಾಜ್ ಬಾಕ್ಸರ್ ಇಲ್ಲವೇ ಟಿವಿಎಸ್.

ಮಲಾವಿಯಲ್ಲಿ ಕಥೆ ಬದಲಾಯಿತು. ಸರೋವರದ ದಂಡೆಯ ಚಿಟಿಂಬಾದಿಂದ ಲಿವಿಂಗ್‌ಸ್ಟೋನಿಯಾಕ್ಕೆ ಹತ್ತುವ ಗೊರೊಡೆ ರಸ್ತೆ ಸುಮಾರು 15 ಕಿ.ಮೀ. ಮಾತ್ರ. ಅಷ್ಟರಲ್ಲೇ ಇಪ್ಪತ್ತು ಹೇರ್‌ಪಿನ್ ತಿರುವುಗಳಿವೆ, ಬಹುಪಾಲು ಸಡಿಲ ಕಲ್ಲು, ಮಳೆನೀರು ಕೊರೆದ ಕೊರಕಲು. 1894ರಲ್ಲಿ ಸ್ಕಾಟ್ಲೆಂಡಿನ ಮಿಷನರಿಗಳು ಮೇಲಿನ ಬಯಲಿನಲ್ಲಿ ನೆಲೆ ಮಾಡಿಕೊಂಡ ಊರು ಅದು. ಜಿಎಸ್ ಅಲ್ಲಿ ಒಂದು ತಿರುವಿನ ನಟ್ಟನಡುವೆ ನಿಂತಿತು. ಗೆಳೆಯ ಇಳಿಜಾರಿನ ಕಡೆಗೆ ಕಾಲು ಚಾಚಿದ, ನೆಲ ಸಿಗಲಿಲ್ಲ. ಬೈಕ್ ನಿಧಾನವಾಗಿ, ತಡೆಯುವುದಕ್ಕೆ ಆಗದ ಹಾಗೆ, ಮಗ್ಗುಲಾಯಿತು. ಎರಡೂ ಕಡೆಯ ಅಲ್ಯೂಮಿನಿಯಂ ಪೆಟ್ಟಿಗೆ ಬಿಚ್ಚಿ, ನಾನೂ ಅವನೂ ಬೈಕಿಗೆ ಬೆನ್ನು ಕೊಟ್ಟು ಕುಕ್ಕರಗಾಲಿನಿಂದ ಎದ್ದೆವು. ಜಾರುವ ಕಲ್ಲಿನ ಮೇಲೆ ಆ ಭಾರವನ್ನು ಒಬ್ಬರೇ ಎತ್ತುವುದು ಸಾಧ್ಯವೇ ಇರಲಿಲ್ಲ. ಅಷ್ಟು ಹೊತ್ತಿಗೆ ಸಿಆರ್‌ಎಫ್ ಮೇಲೆ ಹೋಗಿ, ನಮ್ಮನ್ನು ಕಾಣದೆ, ಮತ್ತೆ ಇಳಿದು ಬಂದಿತ್ತು.

ಹಿಮಾಲಯನ್ ಆ ದಾರಿಯನ್ನು ಮೊದಲ ಗೇರಿನಲ್ಲಿ ಸಮಾಧಾನವಾಗಿ ಹತ್ತಿತು. ಶಕ್ತಿ ಕಡಿಮೆ ನಿಜ, ಆದರೆ ಇಂಜಿನ್ ನಿಧಾನವಾಗಿ ತಿರುಗುವಾಗಲೂ ಎಳೆಯುತ್ತದೆ. ಸೀಟಿನ ಎತ್ತರ 800 ಮಿ.ಮೀ. ಇರುವುದರಿಂದ ಎರಡೂ ಪಾದ ನೆಲಕ್ಕೆ ಸಿಗುತ್ತವೆ. ಸಿಆರ್‌ಎಫ್‌ನ ಸೀಟು 880 ಮಿ.ಮೀ. ಬೈಕ್ ಹಗುರವಾದರೂ ನನ್ನ ಎತ್ತರದವರು ತುದಿಗಾಲಲ್ಲೇ ನಿಲ್ಲಬೇಕು. ಗಾಡಿ ಆರಿಸುವಾಗ ಶಕ್ತಿಗಿಂತ ಮೊದಲು ಈ ಅಂಕಿಯನ್ನು ನೋಡಿ ಎಂದೇ ನಾನು ಹೇಳುವುದು.

ಇಷ್ಟು ಕೇಳಿದರೆ ಚಿಕ್ಕ ಬೈಕೇ ಗೆದ್ದಿತು ಅನ್ನಿಸಬಹುದು. ಗುಂಪಿನ ಕಣ್ಣಿನಿಂದ ನೋಡಿದರೆ ಹಾಗಲ್ಲ. ಸಿಆರ್‌ಎಫ್ ಮೇಲೆ ಹೆಚ್ಚು ಸಾಮಾನು ಹೇರುವಂತಿಲ್ಲ. ಹಿಂದೆ ಕಟ್ಟಿದ ಬಟ್ಟೆಯ ಚೀಲದಲ್ಲಿ ಅವನ ಬಟ್ಟೆಬರೆ ಹಿಡಿಸಿತು, ಅಷ್ಟೇ. ಟೆಂಟ್, ಒಲೆ, ಪಾತ್ರೆ, ನೀರಿನ ಕ್ಯಾನು, ಉಪಕರಣಗಳು ಎಲ್ಲವೂ ನಮ್ಮಿಬ್ಬರ ಬೈಕಿಗೆ ಬಂದವು. ಅವನ ಬೈಕ್ ಹಗುರವಾಗಿದ್ದದ್ದರ ಬೆಲೆಯನ್ನು ಲಿವಿಂಗ್‌ಸ್ಟೋನಿಯಾದ ತಿರುವಿನಲ್ಲಿ ತೆತ್ತವರು ನಾವು. ಇನ್ನು ಟ್ಯಾಂಕ್. ಲೀಟರಿಗೆ 30 ಕಿ.ಮೀ. ಕೊಟ್ಟರೂ 7.8 ಲೀಟರಿಗೆ 234 ಕಿ.ಮೀ. ದಾಟುವುದಿಲ್ಲ. ಮಲಾವಿಯಲ್ಲಿ ಪೆಟ್ರೋಲ್ ಅಭಾವ ಮತ್ತೆ ಮತ್ತೆ ತಲೆದೋರುತ್ತದೆ. ವಿದೇಶಿ ವಿನಿಮಯದ ಕೊರತೆಯೇ ಅದರ ಮೂಲ. ಪಂಪ್ ಇದೆ, ಪೆಟ್ರೋಲ್ ಇಲ್ಲ. ಇದ್ದಲ್ಲಿ ಕಣ್ಣು ಹಾಯಿಸುವಷ್ಟು ಉದ್ದದ ಸಾಲು. ಹಿಮಾಲಯನ್ ಗಡಿಯಾಚೆ ತುಂಬಿಸಿಕೊಂಡರೆ 400 ಕಿ.ಮೀ. ಮೀರಿ ಓಡುತ್ತದೆ. ಜಿಎಸ್ ಲೀಟರಿಗೆ ಇಪ್ಪತ್ತರ ಆಸುಪಾಸು ಕೊಟ್ಟು ಹೆಚ್ಚುಕಡಿಮೆ ಅಷ್ಟೇ ದೂರ ಬರುತ್ತದೆ. ಆದರೂ ನಾವು ಮೂವರೂ ಸಿಆರ್‌ಎಫ್‌ಗಾಗಿ ನಿಂತೆವು, ಬಾಟಲಿಯಲ್ಲಿ ಮಾರುವವರ ಹತ್ತಿರ ಹೆಚ್ಚು ಬೆಲೆ ಕೊಟ್ಟು ಕೊಂಡೆವು.

ಪಂಕ್ಚರ್ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಯಿತು. ಜಿಎಸ್‌ನದು ಟ್ಯೂಬ್‌ಲೆಸ್ ಟೈರ್. ಮೊಳೆ ಕಿತ್ತು, ಅಂಟಿನ ಬತ್ತಿ ತುರುಕಿ, ಪಂಪಿನಿಂದ ಗಾಳಿ ತುಂಬಿದರೆ ಮುಗಿಯಿತು. ಚಕ್ರ ಬಿಚ್ಚುವ ಗೋಜೇ ಇಲ್ಲ. ಉಳಿದ ಎರಡಕ್ಕೂ ಕಡ್ಡಿಚಕ್ರ, ಒಳಗೆ ಟ್ಯೂಬ್. ಹಾಗಾಗಿ ದೊಡ್ಡ ಬೈಕೇ ಮೇಲು ಎಂದು ಮೊದಲು ಎಲ್ಲರಂತೆ ನಾನೂ ನಂಬಿದ್ದೆ. ಎಂಬೆಯಾ ದಾಟಿದ ಮೇಲೆ ನನ್ನ ಹಿಂದಿನ ಚಕ್ರ ಕುಸಿಯಿತು. ಹಿಮಾಲಯನ್‌ಗೆ ನಡು ಸ್ಟ್ಯಾಂಡ್ ಇರುವುದರಿಂದ ಚಕ್ರ ಬಿಚ್ಚುವುದು ಸುಲಭ. ಬೋಡಾ ನಿಲ್ದಾಣದ ಪಕ್ಕದಲ್ಲಿ ಕೂತಿದ್ದ ಫುಂಡಿ, ಅಂದರೆ ಅಲ್ಲಿನ ಮೆಕ್ಯಾನಿಕ್, ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಎದ್ದ ಜಾಗವನ್ನು ಹುಡುಕಿದ. ಅಲ್ಲಿ ಉಜ್ಜಿ, ಹಸಿ ರಬ್ಬರಿನ ತುಂಡು ಇಟ್ಟು, ಅದರ ಮೇಲೆ ಹಳೆಯ ಪಿಸ್ಟನ್ ಒಂದನ್ನು ಬಿಗಿದ. ಪಿಸ್ಟನ್‌ನ ಹೊಟ್ಟೆಗೆ ಒಂದಿಷ್ಟು ಪೆಟ್ರೋಲ್ ಸುರಿದು ಕಡ್ಡಿ ಗೀರಿದ. ಬೆಂಕಿ ತಾನಾಗಿ ಆರುವ ಹೊತ್ತಿಗೆ ತೇಪೆ ಟ್ಯೂಬಿನಲ್ಲಿ ಒಂದಾಗಿತ್ತು; ಕೇಪ್‌ಟೌನ್‌ವರೆಗೂ ಅದು ಬಿಡಲಿಲ್ಲ. ಅವನ ಹತ್ತಿರ ಬಾಕ್ಸರ್‌ನ 17 ಇಂಚಿನ ಟ್ಯೂಬುಗಳೂ ನೇತಾಡುತ್ತಿದ್ದವು. ನನ್ನ ಹಿಂದಿನ ಚಕ್ರವೂ 17 ಇಂಚು. ಟ್ಯೂಬ್ ಸಪೂರವಾದರೂ ಮುಂದಿನ ಪೇಟೆಯವರೆಗೆ ನಡೆಯುತ್ತದೆ. ಮುಂದಿನ 21 ಇಂಚಿನ ಚಕ್ರಕ್ಕೆ ಮಾತ್ರ ಟ್ಯೂಬ್ ನೀವೇ ಒಯ್ಯಬೇಕು. ಆ ದಾರಿಯಲ್ಲಿ ಟ್ಯೂಬ್ ರಿಪೇರಿಗೆ ಬೇಕಾದ ಕೈ ಪ್ರತಿ ಹಳ್ಳಿಯಲ್ಲೂ ಇದೆ. ದೊಡ್ಡ ಬೈಕಿನ ಎಲೆಕ್ಟ್ರಾನಿಕ್ಸ್ ಕೆಟ್ಟರೆ ನೋಡುವವರು ರಾಜಧಾನಿಗಳಲ್ಲೇ ಸಿಗಬೇಕು.

ಜಾಂಬಿಯಾವನ್ನು ಬೇಗ ದಾಟಿದೆವು. ಜಾಂಬೆಜಿ ನದಿಯ ಮೇಲೆ 2021ರಲ್ಲಿ ತೆರೆದ 923 ಮೀಟರ್ ಉದ್ದದ ಕಜುಂಗುಲಾ ಸೇತುವೆ ಬಂದ ಮೇಲೆ ದೋಣಿಗಾಗಿ ಕಾಯುವ ಕಷ್ಟ ಇಲ್ಲ. ಭಾರತದ ಬೈಕ್ ಒಯ್ಯುವವರಿಗೆ ಗಡಿಯಲ್ಲಿ ಮುದ್ರೆ ಹಾಕಿಸುವ ಕಾರ್ನೆ ಎಂಬ ಸುಂಕದ ಪುಸ್ತಕ ಬೇಕು. ಬೋಟ್ಸ್ವಾನಾ, ನಮೀಬಿಯಾ, ದಕ್ಷಿಣ ಆಫ್ರಿಕಾ ಒಂದೇ ಸುಂಕ ಒಕ್ಕೂಟದಲ್ಲಿ ಇರುವುದರಿಂದ ಅಲ್ಲಿಂದ ಮುಂದೆ ಮುದ್ರೆಗಳ ಕಾಟವೂ ಕಡಿಮೆ.

ಬೋಟ್ಸ್ವಾನಾ ದೊಡ್ಡ ಬೈಕಿನ ನಾಡು. ಕಸಾನೆಯಿಂದ ನಾಟಾಕ್ಕೆ ಸುಮಾರು 300 ಕಿ.ಮೀ. ಗೆರೆ ಎಳೆದ ಹಾಗೆ ನೇರ ರಸ್ತೆ, ನಡುವೆ ಪಂಡಮಟೆಂಗಾ ಬಿಟ್ಟರೆ ಹೆಚ್ಚೇನೂ ಇಲ್ಲ. ಜಿಎಸ್ ಮೇಲೆ ಕೂತಾಗ ಅಡ್ಡಗಾಳಿ ಬೀಸುತ್ತಿದೆ ಎಂಬುದೇ ಗೊತ್ತಾಗುವುದಿಲ್ಲ. ಗಂಟೆಗೆ 120ರಲ್ಲೂ ಇಂಜಿನ್ ಪಿಸುಗುಡುತ್ತದೆ, ಚೈನ್ ಬದಲು ಶಾಫ್ಟ್ ಇರುವುದರಿಂದ ಸಂಜೆ ಎಣ್ಣೆ ಹಚ್ಚುವ ಕೆಲಸವೂ ಇಲ್ಲ. ಅಂಥ ದಿನಗಳಲ್ಲಿ ಕೀಲಿ ವಾಪಸು ಕೊಡಲು ನನಗೆ ಮನಸ್ಸೇ ಬರುತ್ತಿರಲಿಲ್ಲ. ಸಿಆರ್‌ಎಫ್ 90 ದಾಟಿದರೆ ಕಿರುಚುತ್ತದೆ, ಅದರ ಸಪೂರ ಸೀಟಿನ ಮೇಲೆ ಅರ್ಧ ದಿನ ಕೂತರೆ ಸೊಂಟ ಹಿಡಿಯುತ್ತದೆ. ಹಿಮಾಲಯನ್ 90ರಲ್ಲಿ ದಿನವಿಡೀ ಓಡುತ್ತದೆ, ಅದಕ್ಕಿಂತ ಹೆಚ್ಚು ಕೇಳಬಾರದು. ಕೊನೆಗೆ ಗುಂಪಿನ ವೇಗವೂ 90ಕ್ಕೇ ನಿಂತಿತು. ರಸ್ತೆಯ ಪಕ್ಕದ ಪೊದೆಯಿಂದ ಆನೆ ಸದ್ದಿಲ್ಲದೆ ಹೊರಬರುವ ದಾರಿಯಲ್ಲಿ ನನಗೆ ಅದೇ ಸರಿ ಎನಿಸಿತು.

ನಮೀಬಿಯಾದ ಜಲ್ಲಿ ರಸ್ತೆಗಳಲ್ಲಿ ತಕ್ಕಡಿ ಮತ್ತೆ ವಾಲಿತು. ವಿಂಡ್‌ಹುಕ್‌ನಿಂದ ಸಾಲಿಟೇರ್, ಅಲ್ಲಿಂದ ಸೆಸ್ರಿಯೆಮ್ ಕಡೆಗಿನ ರಸ್ತೆ ತಗಡಿನ ಮಾಡಿನ ಹಾಗೆ ಅಡ್ಡಡ್ಡ ಅಲೆ ಅಲೆ. ನಿಧಾನಕ್ಕೆ ಹೋದರೆ ಹಲ್ಲು ಕಟಕಟ, ಜೋರಾಗಿ ಹೋದರೆ ತಿರುವಿನಲ್ಲಿ ಕೂಡಿಕೊಂಡ ಮರಳು. ಟೈರಿನ ಗಾಳಿ ಇಳಿಸಿ, ನಿಂತುಕೊಂಡು ಓಡಿಸಿದರೆ ಸಿಆರ್‌ಎಫ್ ಅಲ್ಲಿ ಅಪ್ಪಟ ಸಂತೋಷ. ಮುಂಚಕ್ರ ಜಾರಿದರೂ ತೊಡೆಯ ಒಂದು ಒತ್ತಿನಲ್ಲಿ ದಾರಿಗೆ ಬರುತ್ತದೆ. ಹಿಮಾಲಯನ್ ಮುಂಚಕ್ರವೂ 21 ಇಂಚಿನದೇ ಆದ್ದರಿಂದ ಮರಳನ್ನು ಸೀಳುತ್ತದೆ, ಆದರೆ ಅಲೆಗಳ ಮೇಲೆ ಬಡಿತ ಬೆನ್ನಿಗೆ ತಟ್ಟುತ್ತದೆ. ಜಿಎಸ್‌ನ ಸಸ್ಪೆನ್ಷನ್ ಅಲೆಗಳನ್ನು ನುಂಗಿಬಿಡುತ್ತದೆ, ಆದರೆ ಅದರ 19 ಇಂಚಿನ ಅಗಲ ಚಕ್ರ ಮರಳಿಗೆ ಸಿಕ್ಕಿದಾಗ ಬೈಕ್ ಯಾರ ಮಾತೂ ಕೇಳುವುದಿಲ್ಲ. ಸಾಸಸ್‌ಫ್ಲೈನ ಮರಳುದಿಬ್ಬಗಳನ್ನು ನೋಡುವ ಆಸೆ ಇದ್ದವರಿಗೆ ಒಂದು ಮಾತು: ಅವು ಇರುವ ರಾಷ್ಟ್ರೀಯ ಉದ್ಯಾನದೊಳಗೆ ಬೈಕ್ ಬಿಡುವುದಿಲ್ಲ. ಸೆಸ್ರಿಯೆಮ್ ಗೇಟಿನ ಹೊರಗೆ ನಿಲ್ಲಿಸಿ ಬೇರೆ ವಾಹನ ಹಿಡಿಯಬೇಕು. ಅಲ್ಲಿ ಮೂರೂ ಸಮ.

ಒಬ್ಬರೇ ಹೋಗುವುದಾದರೆ, ಜಲ್ಲಿ ದಾರಿಯೇ ಬೇಕೆನ್ನುವುದಾದರೆ, ನಾನು ಸಿಆರ್‌ಎಫ್‌ನ ರ‍್ಯಾಲಿ ಮಾದರಿ ಹಿಡಿಯುತ್ತೇನೆ. ಅದರ ಟ್ಯಾಂಕ್ 12.8 ಲೀಟರ್, ತೂಕ ಹತ್ತು ಹನ್ನೊಂದು ಕಿಲೋ ಮಾತ್ರ ಹೆಚ್ಚು. ಹೆಂಡತಿಯನ್ನೋ ಗಂಡನನ್ನೋ ಹಿಂದೆ ಕೂರಿಸಿಕೊಂಡು ಟಾರು ರಸ್ತೆಯಲ್ಲೇ ಹೋಗುವವರಿಗೆ ಜಿಎಸ್‌ಗೆ ಸಾಟಿ ಇಲ್ಲ. ಗೆಳೆಯರ ಗುಂಪಿಗೆ ಮಾತ್ರ ನನ್ನ ಮತ ಹಿಮಾಲಯನ್ ತೂಕದ ಬೈಕಿಗೆ, ಅದೂ ಎಲ್ಲರಿಗೂ ಒಂದೇ. ಆಗ ಬಿಡಿ ಟ್ಯೂಬ್, ಕ್ಲಚ್ ಕೇಬಲ್, ಬ್ರೇಕ್ ಪ್ಯಾಡ್ ಒಂದೇ ಗಂಟಿನಲ್ಲಿ ಸಾಕು. ಹೊರೆ ಸಮನಾಗಿ ಹಂಚಿಹೋಗುತ್ತದೆ, ಬಿದ್ದ ಬೈಕನ್ನು ಇಬ್ಬರು ನಿರಾಯಾಸವಾಗಿ ಎತ್ತುತ್ತಾರೆ.

ಮುಂದಿನ ಸಲ ನೈರೋಬಿಯಿಂದ ಉತ್ತರಕ್ಕೆ ಹೋಗುವ ಮಾತು ನಡೆದಿದೆ. ಮಾರ್ಸಾಬಿಟ್ ಮಾರ್ಗವಾಗಿ ಇಥಿಯೋಪಿಯಾ ಗಡಿಯ ಮೊಯಾಲೆಗೆ ಈಗ ಒಳ್ಳೆಯ ಟಾರು ರಸ್ತೆ ಇದೆ. ಅಲ್ಲಿಗೆ ಮೂರರಲ್ಲಿ ಯಾವುದೂ ಆದೀತು. ಹುಬ್ಬಳ್ಳಿಯವನಿಗೆ ಮಾತ್ರ ತುರ್ಕಾನಾ ಸರೋವರದ ಪೂರ್ವ ದಂಡೆಯ ಕಲ್ಲುಮರಳಿನ ಜಾಡಿನಲ್ಲೇ ಹೋಗಬೇಕಂತೆ. ಅಲ್ಲಿ ನೂರಾರು ಕಿಲೋಮೀಟರ್ ಪಂಪ್ ಇಲ್ಲ, ಬಿದ್ದರೆ ಎತ್ತಲು ನಾವು ನಾವೇ. ಹಾಗಾದರೆ ಜಿಎಸ್ ಮನೆಯಲ್ಲಿರಲಿ ಎಂದು ಅವನಿಗೆ ಹೇಳಿದ್ದೇನೆ. ಅವನು ಇನ್ನೂ ಒಪ್ಪಿಲ್ಲ.