ಚಿಕ್ಕಮಗಳೂರಿಂದ ಹೈದರಾಬಾದಿಗೆ: ಸೊಗಾನೆ, ಬಜ್ಪೆ, ದೇವನಹಳ್ಳಿ ಮೂರೂ ನೋಡಿದ್ಮೇಲೆ

ತಂಗಿ ಹೈದರಾಬಾದಲ್ಲಿ ಇದಾಳೆ, ವರ್ಷಕ್ಕೆ ಎರಡು ಸಲ ಆದ್ರೂ ಅಮ್ಮನ್ನ ಕರ್ಕೊಂಡು ಹೋಗಿ ಬಿಟ್ಟು ಬರೋದು ನನ್ನ ಕೆಲ್ಸ, ಹಂಗಾಗಿ ಶಿವಮೊಗ್ಗದ ಸೊಗಾನೆ, ಮಂಗ್ಳೂರಿನ ಬಜ್ಪೆ, ಬೆಂಗ್ಳೂರಿನ ದೇವನಹಳ್ಳಿ, ಮೂರೂ ಏರ್‌ಪೋರ್ಟಿಂದ ಹತ್ತಿ ನೋಡಾಯ್ತು. ಅಮ್ಮಂಗೆ ಮಂಡಿನೋವು. ಮನೆ ಬಾಗ್ಲಿಂದ ತಂಗಿ ಮನೆ ಬಾಗ್ಲಿಗೆ ಎಷ್ಟು ಹೊತ್ತು ಅನ್ನೋದೇ ನಮ್ಮ ಲೆಕ್ಕ.

ಆಕಾಶದಲ್ಲಿ ನೇರ ಗೆರೆ ಎಳೆದ್ರೆ ದೇವನಹಳ್ಳಿಯಿಂದ ಹೈದರಾಬಾದಿಗೆ ಸುಮಾರು 455 ಕಿ.ಮೀ., ಸೊಗಾನೆಯಿಂದ 480, ಬಜ್ಪೆಯಿಂದ 600 ದಾಟುತ್ತೆ. ಇಷ್ಟೇ ನೋಡಿದ್ರೆ ಬೆಂಗ್ಳೂರೇ ಹತ್ರ. ಆದ್ರೆ ಚಿಕ್ಕಮಗಳೂರಿಂದ ದೇವನಹಳ್ಳಿ ಮುಟ್ಟಕ್ಕೇ ಐದು ಐದೂವರೆ ಗಂಟೆ ಬೇಕು, ನೆಲಮಂಗಲದ ಹತ್ರ ಟ್ರಾಫಿಕ್ ಸಿಕ್ರೆ ಇನ್ನೂ ಮೇಲೆ, ಅದಕ್ಕೆ ಎರಡು ಗಂಟೆ ಮುಂಚೆ ಹೋಗಿ ಕೂರೋದು ಬೇರೆ, ಆಮೇಲೆ ಒಂದೂಕಾಲು ಗಂಟೆ ಫ್ಲೈಟು. ಸೊಗಾನೆಗೆ ಲಿಂಗದಹಳ್ಳಿ, ತರೀಕೆರೆ, ಭದ್ರಾವತಿ ಮೇಲೆ ಎರಡೇ ಗಂಟೆ. ಮನೇಲಿ ತಿಂಡಿ ತಿಂದು ಹೊರಟ್ರೆ ಸಾಕು.

ಫ್ಲೈಟ್ ಟೈಮ್ ಬಗ್ಗೆ ಒಂದು ಮಾತು. ಸೊಗಾನೆಯಿಂದ ನಾವು ಹೋಗಿದ್ದು ಎಟಿಆರ್, ಕಿಟಕಿ ಮೇಲ್ಗಡೆ ರೆಕ್ಕೆ, ರೆಕ್ಕೇಲಿ ಫ್ಯಾನ್ ಇರೋ ವಿಮಾನ, ಗಂಟೆಗೆ 500 ಕಿ.ಮೀ. ಹತ್ರ ಹೋಗುತ್ತೆ. ಬೆಂಗ್ಳೂರಿನ ಜೆಟ್ಟು 800 ದಾಟುತ್ತೆ. ಅಷ್ಟು ವ್ಯತ್ಯಾಸ ಇದ್ರೂ ಇಷ್ಟು ಚಿಕ್ಕ ದಾರೀಲಿ ಜೆಟ್ಟು ಪೂರ್ತಿ ಸ್ಪೀಡಲ್ಲಿ ಓಡೋದೇ ಸ್ವಲ್ಪ ಹೊತ್ತು, ಹತ್ತೋದು ಇಳಿಯೋದ್ರಲ್ಲೇ ಅರ್ಧ ಟೈಮ್ ಹೋಗುತ್ತೆ. ಟಿಕೆಟ್ಟಲ್ಲಿ ಹಾಕಿರೋ ಹೊತ್ತಲ್ಲಿ ನೆಲದ ಮೇಲೆ ಉರುಳೋದೂ ಸೇರಿರುತ್ತೆ, ದೇವನಹಳ್ಳೀಲಿ ಅದು ಜಾಸ್ತಿ. ಹಂಗಾಗಿ ಎಟಿಆರ್ ಹತ್ತಿದ್ರೆ ಕಾಲು ಗಂಟೆ, ಇಪ್ಪತ್ತು ನಿಮಿಷ ಹೆಚ್ಚು ಅಷ್ಟೇ. ಕಿಟಕಿ ಪಕ್ಕ ಕೂತ್ರೆ ಇಳಿಯೋವಾಗ ಚಕ್ರ ಬಿಚ್ಕೊಂಡು ಕೆಳಗೆ ಬರೋದು ಕಣ್ಣೆದುರೇ ಕಾಣುತ್ತೆ, ಅಮ್ಮ ನನ್ನ ಕೈ ಗಟ್ಟಿ ಹಿಡ್ಕೊಂಡು ಅದನ್ನೇ ನೋಡ್ತಾ ಇದ್ರು.

ಸೊಗಾನೆ ಟರ್ಮಿನಲ್ ಚಿಕ್ಕದು, ಕಮಲದ ಆಕಾರ, 2023ರಲ್ಲಿ ಶುರುವಾಗಿದ್ದು, ಕುವೆಂಪು ಹೆಸರಿಟ್ಟಿದಾರೆ. ಬಾಗ್ಲಿಂದ ಗೇಟಿಗೆ ನಾಲ್ಕು ಹೆಜ್ಜೆ, ಅಮ್ಮಂಗೆ ವೀಲ್‌ಚೇರೇ ಬೇಕಾಗ್ಲಿಲ್ಲ.

ಬಜ್ಪೆ ಬಗ್ಗೆ ಜಾಸ್ತಿ ಹೇಳಲ್ಲ. ಗುಡ್ಡದ ತಲೆ ಮೇಲಿನ ರನ್‌ವೇ, ಇಳಿಯೋವಾಗ ಕೆಳಗೆ ಕಾಣೋ ನೋಟ ಚೆಂದ. ಆದ್ರೆ ಚಾರ್ಮಾಡಿ ತಿರುವಲ್ಲಿ ಅಮ್ಮಂಗೆ ವಾಂತಿ ಆಗಿ ಕೊಟ್ಟಿಗೆಹಾರದಲ್ಲಿ ಕುಡಿದ ಕಾಫಿನೂ ಹೊಟ್ಟೇಲಿ ನಿಲ್ಲಲಿಲ್ಲ. ಮಳೆಗಾಲದಲ್ಲಂತೂ ಗುಡ್ಡ ಕುಸಿದ್ರೆ ದಾರೀನೇ ಬಂದ್.

ಸೊಗಾನೆಗೂ ಒಂದು ತೊಂದ್ರೆ ಇದೆ ಮಾರಾಯ್ರೆ. ಫ್ಲೈಟ್ ಕಮ್ಮಿ. ಡಿಸೆಂಬರಲ್ಲಿ ಒಂದ್ಸಲ ಬೆಳಗ್ಗೆ ಮಂಜು ಮುಚ್ಚಿ ಆ ಕಡೆಯಿಂದ ಬರೋ ವಿಮಾನನೇ ಇಳೀಲಿಲ್ಲ, ಮೂರು ಗಂಟೆ ಕಾದ್ಮೇಲೆ ಕ್ಯಾನ್ಸಲ್ ಅಂದ್ರು, ಅವತ್ತು ಬೇರೆ ಫ್ಲೈಟ್ ಇರ್ಲಿಲ್ಲ. ತಂಗಿಗೆ ಕೊಡಕ್ಕೆ ತಂದಿದ್ದ ಕಡುಬು ಅಲ್ಲೇ ಬಿಚ್ಚಿ ತಿಂದು ವಾಪಸ್ ಮನೆಗೆ ಬಂದ್ವಿ. ದೇವನಹಳ್ಳಿ ಆಗಿದ್ರೆ ಒಂದು ಹೋದ್ರೆ ಸ್ವಲ್ಪ ಹೊತ್ತಿಗೆ ಇನ್ನೊಂದು ಸಿಗೋದು. ಅದಕ್ಕೆ ಇಂಟರ್ವ್ಯೂ, ಆಸ್ಪತ್ರೆ ಅಪಾಯಿಂಟ್‌ಮೆಂಟ್ ಅಂತ ದಿನ ತಪ್ಪೋ ಹಾಗಿಲ್ದಿದ್ರೆ ಕಷ್ಟಪಟ್ಟಾದ್ರೂ ಬೆಂಗ್ಳೂರಿಗೇ ಹೋಗಿ.

ಅಮ್ಮನ್ನ ಕರ್ಕೊಂಡು ಹೋಗೋದಾದ್ರೆ ನಂಗೆ ಸೊಗಾನೆನೇ. ಈ ಸಲ ಮಂಜು ಕರಗಿ ಬಿಸಿಲು ಬಂದ್ಮೇಲಿನ ಫ್ಲೈಟೇ ನೋಡಿ ಬುಕ್ ಮಾಡಿದೀನಿ.