ರಾತ್ರಿ ತಾನಾಗಿ ಏಳುವ ಕಂಪ್ಯೂಟರನ್ನು ಫಾರ್ಮ್ಯಾಟ್‌ಗೆ ಕೊಡುವ ಮುನ್ನ

ಸ್ಲೀಪ್‌ಗೆ ಹಾಕಿದ ಡೆಸ್ಕ್‌ಟಾಪ್ ರಾತ್ರಿ ಯಾರೂ ಮುಟ್ಟದೆ ಎದ್ದು ಫ್ಯಾನ್ ತಿರುಗಿಸುತ್ತಾ ಕೂರುತ್ತಿದೆಯೇ? ದಯವಿಟ್ಟು ಅದನ್ನು ಅವಸರದಲ್ಲಿ ರಿಪೇರಿ ಅಂಗಡಿಗೆ ಹೊತ್ತೊಯ್ಯಬೇಡಿ. ಒಯ್ದರೂ ಫಾರ್ಮ್ಯಾಟ್ ಮಾಡಲು, ಅಂದರೆ ಡ್ರೈವ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕಲು, ಮಾತ್ರ ಬಿಡಬೇಡಿ. ನಮ್ಮ ಮನೆಯಲ್ಲಿ ಇದೇ ತೊಂದರೆಗೆ, ಯಂತ್ರಕ್ಕೆ ವಿದ್ಯುತ್ ಒದಗಿಸುವ ಪವರ್ ಸಪ್ಲೈ ಭಾಗವಾದ ಎಸ್‌ಎಂಪಿಎಸ್ ಬದಲಾಯಿತು, ರ‍್ಯಾಮ್ ಬದಲಾಯಿತು, ಕೊನೆಗೆ ನಮ್ಮನ್ನು ಒಂದು ಮಾತೂ ಕೇಳದೆ ಫಾರ್ಮ್ಯಾಟ್ ಹೊಡೆದರು. ನನ್ನ ಹೆಂಡತಿ ವರ್ಷಗಟ್ಟಲೆ ಮಾಡಿಟ್ಟ ಕೆಲಸ ಹೋಯಿತು. ತೊಂದರೆ ಮಾತ್ರ ಹಾಗೇ ಉಳಿಯಿತು. ಆ ಯಂತ್ರದಲ್ಲಿ ಕೆಟ್ಟ ಭಾಗ ಒಂದೂ ಇರಲಿಲ್ಲ. ಒಂದೆರಡು ಸೆಟ್ಟಿಂಗ್ ಬದಲಿಸಿದ್ದರೆ ಮುಗಿದು ಹೋಗುತ್ತಿತ್ತು.

ಹೆಂಡತಿ ಮನೆಯಿಂದಲೇ ಡಿಟಿಪಿ ಮಾಡುತ್ತಾಳೆ. ಮದುವೆ, ಗೃಹಪ್ರವೇಶದ ಆಮಂತ್ರಣ, ಸುತ್ತಲಿನ ಶಾಲೆಗಳ ಪ್ರಶ್ನೆಪತ್ರಿಕೆ, ಸಹಕಾರ ಸಂಘಗಳ ವಾರ್ಷಿಕ ವರದಿ. ಹತ್ತಾರು ಫೈಲು ಒಟ್ಟಿಗೆ ತೆರೆದಿಟ್ಟುಕೊಂಡು ಕೆಲಸ ಮಾಡುವವರಿಗೆ ಸ್ಲೀಪ್ ಬಲು ಅನುಕೂಲ. ಯಂತ್ರದ ಬಹುಪಾಲು ಆಫ್ ಆಗಿರುತ್ತದೆ, ರ‍್ಯಾಮ್‌ಗೆ ಮಾತ್ರ ಒಂದಿಷ್ಟು ವಿದ್ಯುತ್ ಹೋಗುತ್ತಿರುತ್ತದೆ. ಬೆಳಿಗ್ಗೆ ಕೀಬೋರ್ಡ್ ಮುಟ್ಟಿದರೆ ರಾತ್ರಿ ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದಲೇ ಶುರು. ಮಲಗಿದ ಯಂತ್ರ ಎಳೆಯುವ ಕರೆಂಟ್ ತೀರಾ ಕಡಿಮೆಯಾದ್ದರಿಂದ ನಡುರಾತ್ರಿ ಲೈನ್ ಹೋದರೂ ಸಣ್ಣ ಯುಪಿಎಸ್ ಬಹಳ ಹೊತ್ತು ತಡೆಯುತ್ತದೆ. ಎದ್ದಿರುವ ಯಂತ್ರವಾದರೆ ಅದೇ ಯುಪಿಎಸ್ ಬೇಗ ಬರಿದಾಗಿ ಕೂಗಿ ಸುಮ್ಮನಾಗುತ್ತದೆ. ಸೇವ್ ಆಗದ ಕೆಲಸವೆಲ್ಲ ಅಲ್ಲಿಗೆ ಮುಗಿಯಿತು.

ಮೊದಲು ಈ ಕಂಪ್ಯೂಟರ್ ವೈಫೈನಲ್ಲಿ ಓಡುತ್ತಿತ್ತು. ಫೈಬರ್ ಕನೆಕ್ಷನ್ ಹಾಕಿಸಿದಾಗ ರೂಟರ್ ಪಕ್ಕದಲ್ಲೇ ಬಂತು, ಲ್ಯಾನ್ ಕೇಬಲ್ ಎಳೆದು ಸಿಕ್ಕಿಸಿದರು. ಅಲ್ಲಿಂದ ಶುರುವಾಯಿತು. ಮಲಗಿಸಿದ ಸ್ವಲ್ಪ ಹೊತ್ತಿಗೆ ಏಳುವುದು, ಪರದೆ ಕಪ್ಪಾಗಿಯೇ ಇದ್ದು ಫ್ಯಾನ್ ತಿರುಗುವುದು, ಮತ್ತೆ ಮಲಗುವುದು, ಮತ್ತೆ ಏಳುವುದು. ಹೀಗೆ ಆಗುವುದಕ್ಕೂ ಕಾರಣವಿದೆ. ಯಾರೂ ಕೀಲಿ ಒತ್ತದೆ ಯಂತ್ರ ಎದ್ದರೆ ವಿಂಡೋಸ್ ಸಾಮಾನ್ಯವಾಗಿ 2 ನಿಮಿಷ ಕಾದು ಅದನ್ನು ತಾನೇ ಮತ್ತೆ ಮಲಗಿಸುತ್ತದೆ. ಗೊತ್ತಿಲ್ಲದವರಿಗೆ ಇದು ವಿದ್ಯುತ್ ಬಂದು ಹೋಗುತ್ತಿರುವಂತೆ ಕಾಣುತ್ತದೆ.

ಅಂಗಡಿಯವರಿಗೂ ಹಾಗೇ ಕಂಡಿತು. "ಪವರ್ ಸಪ್ಲೈ ವೀಕ್ ಆಗಿದೆ ಸಾರ್, ಸಿಪಿಯು ಬಿಟ್ಟು ಹೋಗಿ" ಅಂದರು. ಹೊಸ ಎಸ್‌ಎಂಪಿಎಸ್ ಹಾಕಿ, ರಾತ್ರಿಯಿಡೀ ಸ್ಲೀಪ್‌ನಲ್ಲಿಟ್ಟು ನೋಡಿದ್ದೇವೆ, ಒಮ್ಮೆಯೂ ಎದ್ದಿಲ್ಲ ಎಂದು ಕೊಟ್ಟರು. ಮನೆಗೆ ತಂದು ಸಿಕ್ಕಿಸಿದ ರಾತ್ರಿಯೇ ಮತ್ತೆ ಅದೇ ಕಥೆ. ವಾಪಸ್ ಒಯ್ದರೆ ರ‍್ಯಾಮ್ ಎಂದರು. ರ‍್ಯಾಮ್ ಬದಲಾಯಿತು, ಅಂಗಡಿಯಲ್ಲಿ ಮತ್ತೆ ಚೆನ್ನಾಗಿ ಮಲಗಿತು, ಮನೆಯಲ್ಲಿ ಮತ್ತೆ ಎದ್ದಿತು. ಆಮೇಲೆ ನಮ್ಮ ಮನೆಯ ಅರ್ಥಿಂಗ್ ಸರಿಯಿಲ್ಲ ಎಂಬ ಮಾತು ಬಂತು.

ಈ ಜಾಗದಲ್ಲಿ ಸ್ವಲ್ಪ ನಿಂತು ಓದಿ, ಏಕೆಂದರೆ ಇಂಥ ತೊಂದರೆಯಲ್ಲಿ ಹಣ ಸೋರಿಹೋಗುವುದು ಇಲ್ಲಿಯೇ. ನಾವು ಅಂಗಡಿಗೆ ಒಯ್ಯುವುದು ಸಿಪಿಯು ಪೆಟ್ಟಿಗೆಯನ್ನು ಮಾತ್ರ. ರೂಟರ್ ಮನೆಯಲ್ಲಿ, ಲ್ಯಾನ್ ಕೇಬಲ್ ಮನೆಯಲ್ಲಿ, ಮೌಸ್ ಮನೆಯಲ್ಲಿ. ಯಂತ್ರವನ್ನು ಎಬ್ಬಿಸುತ್ತಿರುವುದು ಅವುಗಳಲ್ಲೊಂದಾದರೆ ಅಂಗಡಿಯ ಮೇಜಿನ ಮೇಲೆ ಅದು ಏಳುವ ಪ್ರಶ್ನೆಯೇ ಇಲ್ಲ. ಆಗ ಯಾವ ಭಾಗ ಬದಲಿಸಿದರೂ ಆ ಭಾಗದಿಂದಲೇ ವಾಸಿಯಾದಂತೆ ಕಾಣುತ್ತದೆ. ಅಂಗಡಿಯವರು ಬೇಕೆಂದೇ ಮೋಸ ಮಾಡಿದರೆಂದು ನಾನು ಹೇಳುತ್ತಿಲ್ಲ. ಆದರೆ "ಇದು ಶುರುವಾಗುವ ಮುಂಚೆ ಮನೆಯಲ್ಲಿ ಏನು ಬದಲಾಯಿತು?" ಎಂಬ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಮುಂದಿನ ಸಲ ಅವರು ಫಾರ್ಮ್ಯಾಟ್ ಮಾಡಿಬಿಟ್ಟರು. "ಡಿ ಡ್ರೈವ್ ಮುಟ್ಟಿಲ್ಲ, ಸಿ ಮಾತ್ರ" ಎಂದು ಸಮಾಧಾನ ಹೇಳಿದರು. ನಡೆಯುತ್ತಿರುವ ಕೆಲಸವೆಲ್ಲ ಡೆಸ್ಕ್‌ಟಾಪ್ ಮೇಲಿನ ಫೋಲ್ಡರುಗಳಲ್ಲಿತ್ತು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಇರುವುದು ಸಿ ಡ್ರೈವ್‌ನಲ್ಲೇ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆಗಳು, ಗಿರಾಕಿಗಳು ಒಪ್ಪಿದ ಆಮಂತ್ರಣದ ವಿನ್ಯಾಸಗಳು, ಇನ್ನೂ ಮುದ್ರಣಕ್ಕೆ ಹೋಗದ ಒಂದು ವರದಿ, ಎಲ್ಲವೂ ಅಲ್ಲಿದ್ದವು. ರಿಕವರಿ ಮಾಡಿಸೋಣ ಎಂದು ವಿಚಾರಿಸಿದೆ. ಹಳೆಯ ಮಾದರಿಯ ಹಾರ್ಡ್ ಡಿಸ್ಕ್ ಆಗಿದ್ದರೆ, ಕ್ವಿಕ್ ಫಾರ್ಮ್ಯಾಟ್ ಆದಮೇಲೂ ಮೇಲೆ ಹೊಸದು ಬರೆಯುವವರೆಗೆ ಹಳೆಯ ದತ್ತಾಂಶ ಅಲ್ಲೇ ಇರುತ್ತದೆ, ಎತ್ತುವ ಅವಕಾಶವಿರುತ್ತದೆ. ನಮ್ಮದು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ದತ್ತಾಂಶ ಇಡುವ ಡ್ರೈವ್. ಫಾರ್ಮ್ಯಾಟ್ ಆದಾಗ ಟ್ರಿಮ್ ಎಂಬ ವ್ಯವಸ್ಥೆ ಆ ಜಾಗವೆಲ್ಲ ಖಾಲಿ ಎಂದು ಡ್ರೈವ್‌ಗೆ ತಿಳಿಸುತ್ತದೆ, ಡ್ರೈವ್ ಅದನ್ನು ಒಳಗಿಂದಲೇ ಅಳಿಸಿಹಾಕುತ್ತದೆ. ಹಾಗಾಗಿ ಏನೂ ಸಿಗಲಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಗಿರಾಕಿಗಳಿಗೆ ಕಳಿಸಿದ್ದ ಪಿಡಿಎಫ್‌ಗಳಷ್ಟೇ ಉಳಿದವು. ಅವನ್ನು ನೋಡಿಕೊಂಡು ಅವಳು ಮತ್ತೆ ಟೈಪ್ ಮಾಡಬೇಕಾಯಿತು.

ಫಾರ್ಮ್ಯಾಟ್ ಆದ ಯಂತ್ರವೂ ರಾತ್ರಿ ಎದ್ದಿತು. ಏಳಲೇಬೇಕು, ಏಕೆಂದರೆ ವಿಂಡೋಸ್ ಹೊಸದಾಗಿ ಕೂತಾಗ ಸೆಟ್ಟಿಂಗ್‌ಗಳೆಲ್ಲ ಮೊದಲಿನ ಸ್ಥಿತಿಗೆ ಬರುತ್ತವೆ, ತೊಂದರೆ ಇದ್ದದ್ದೇ ಆ ಮೊದಲಿನ ಸ್ಥಿತಿಯಲ್ಲಿ. ಇನ್ನು ಮದರ್‌ಬೋರ್ಡೇ ಬದಲಿಸಬೇಕು ಎಂದಾಗ ನಾನು ಸಿಪಿಯು ಎತ್ತಿಕೊಂಡು ಬಂದೆ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನು ಹೇಳಿದ ಮೊದಲ ಮಾತೇ ಇದು: "ಮಾವ, ಯಾರು ಎಬ್ಬಿಸಿದರು ಅಂತ ಆ ಕಂಪ್ಯೂಟರೇ ಬರೆದಿಟ್ಟುಕೊಂಡಿರುತ್ತೆ. ಮೊದಲು ಅದನ್ನ ಓದಿ ಹೇಳಿ." ನನಗೆ ಸಿಟ್ಟು ಬಂದದ್ದು ಆಗ. ಅಷ್ಟು ದಿನ ಆ ಉತ್ತರ ಯಂತ್ರದ ಒಳಗೇ ಇತ್ತು.

ನೀವು ಓದುವುದು ಹೀಗೆ. ಸ್ಟಾರ್ಟ್‌ನಲ್ಲಿ ಈವೆಂಟ್ ವ್ಯೂವರ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕಿ ತೆರೆಯಿರಿ. ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಅಲ್ಲಿನ ಉದ್ದ ಪಟ್ಟಿಯಲ್ಲಿ ಸೋರ್ಸ್ ಎಂಬ ಕಂಬದ ಕೆಳಗೆ ಪವರ್-ಟ್ರಬಲ್‌ಶೂಟರ್ ಎಂದಿರುವ ಸಾಲುಗಳನ್ನು ಹುಡುಕಿ, ಈವೆಂಟ್ ಸಂಖ್ಯೆ 1. ಒಂದನ್ನು ಒತ್ತಿದರೆ ಯಂತ್ರ ಎಷ್ಟು ಗಂಟೆಗೆ ಮಲಗಿತು, ಎಷ್ಟು ಗಂಟೆಗೆ ಎದ್ದಿತು, ವೇಕ್ ಸೋರ್ಸ್ ಅಂದರೆ ಯಾರು ಎಬ್ಬಿಸಿದರು ಎಂಬ ಮೂರೂ ಸಿಗುತ್ತವೆ. ಹಳೆಯ ರಾತ್ರಿಗಳದ್ದೂ ಇರುತ್ತದೆ.

ಇನ್ನೊಂದು ದಾರಿ ಕಮಾಂಡ್ ಪ್ರಾಂಪ್ಟ್. ಅದನ್ನು ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಎಂದೇ ತೆರೆಯಬೇಕು. ಇಂಗ್ಲಿಷಿನಲ್ಲಿ ಪವರ್ ಎಂದು ಟೈಪಿಸಿ ಜಾಗ ಬಿಡದೆ ಸಿ, ಎಫ್, ಜಿ ಅಕ್ಷರ ಸೇರಿಸಿ. ಆಮೇಲೆ ಒಂದು ಸ್ಪೇಸ್, ಪ್ರಶ್ನಾರ್ಥಕ ಚಿಹ್ನೆ ಇರುವ ಕೀಲಿಯ ಓರೆಗೆರೆ, ಅದಕ್ಕಂಟಿ ಲಾಸ್ಟ್‌ವೇಕ್ ಎಂದು ಒಂದೇ ಪದ. ಇದು ತೋರಿಸುವುದು ಕಟ್ಟಕಡೆಯ ಸಲ ಎಬ್ಬಿಸಿದವರನ್ನು ಮಾತ್ರ. ರಾತ್ರಿ ತಾನಾಗಿ ಎದ್ದು ಮಲಗಿದ ಯಂತ್ರವನ್ನು ಬೆಳಿಗ್ಗೆ ನೀವು ಕೀಬೋರ್ಡ್ ಒತ್ತಿ ಎಬ್ಬಿಸಿ ನೋಡಿದರೆ ಕೀಬೋರ್ಡನ್ನೇ ತೋರಿಸುತ್ತದೆ, ದಾರಿ ತಪ್ಪುತ್ತದೆ. ಅದಕ್ಕೇ ಈವೆಂಟ್ ವ್ಯೂವರ್ ಮೊದಲು ಹೇಳಿದೆ. ಲಾಸ್ಟ್‌ವೇಕ್ ಬದಲು ವೇಕ್‌ಟೈಮರ್ಸ್ ಎಂದು ಹಾಕಿದರೆ ಮುಂದೆ ಇಂಥ ಹೊತ್ತಿಗೆ ಎಬ್ಬಿಸಬೇಕೆಂದು ಯಾರಾದರೂ ಅಲಾರಂ ಇಟ್ಟಿದ್ದಾರೆಯೇ ಎಂಬುದು ಕಾಣುತ್ತದೆ.

ನಮ್ಮಲ್ಲಿ ಸಾಲುಸಾಲಾಗಿ ಕಂಡದ್ದು ಲ್ಯಾನ್ ಕಾರ್ಡಿನ, ಅಂದರೆ ಲ್ಯಾನ್ ಕೇಬಲ್ ಸಿಕ್ಕಿಸುವ ಭಾಗದ ಹೆಸರು.

ವೇಕ್ ಆನ್ ಲ್ಯಾನ್ ಎಂಬ ಸೌಲಭ್ಯ ಬಹಳ ಹಳೆಯದು. ಕಚೇರಿಗಳಲ್ಲಿ ದೂರದಿಂದಲೇ ಕಂಪ್ಯೂಟರ್ ಎಬ್ಬಿಸಿ ಕೆಲಸ ಮಾಡಲೆಂದು ಬಂದದ್ದು. ಯಂತ್ರ ಮಲಗಿದ್ದರೂ ಲ್ಯಾನ್ ಕಾರ್ಡ್ ಸ್ವಲ್ಪ ವಿದ್ಯುತ್ ಇಟ್ಟುಕೊಂಡು ಕಿವಿ ತೆರೆದಿರುತ್ತದೆ. ಮ್ಯಾಜಿಕ್ ಪ್ಯಾಕೆಟ್ ಎಂಬ ಸಂದೇಶ ಬಂದರೆ ಎಬ್ಬಿಸುತ್ತದೆ. ಆ ಪ್ಯಾಕೆಟ್‌ನ ತಿರುಳು 102 ಬೈಟ್: ಮೊದಲ 6 ಬೈಟ್ ಗುರುತಿಗೆ, ಮುಂದೆ ಆ ಕಾರ್ಡಿನ ಮ್ಯಾಕ್ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ, 16 ಸಲ. ಇದು ಆಕಸ್ಮಿಕವಾಗಿ ಬರುವಂಥದ್ದಲ್ಲ. ಆದರೆ ಪ್ಯಾಟರ್ನ್ ಮ್ಯಾಚ್ ಎಂಬ ಇನ್ನೊಂದು ಬಗೆ ಇದೆ. ಅದು ಆನ್ ಇದ್ದರೆ, ಇದೇ ನೆಟ್‌ವರ್ಕ್‌ನಲ್ಲಿರುವ ಬೇರೆ ಸಾಧನಗಳು ಈ ಕಂಪ್ಯೂಟರನ್ನು ಹುಡುಕಿಕೊಂಡು ಕಳಿಸುವ ಕೆಲವು ಸಾಮಾನ್ಯ ಪ್ಯಾಕೆಟ್‌ಗಳಿಗೂ ಯಂತ್ರ ಏಳುತ್ತದೆ. ಟಿವಿ, ಫೋನು, ಪ್ರಿಂಟರ್ ಎಲ್ಲ ಒಂದೇ ರೂಟರಿಗೆ ಸೇರಿರುವ ಮನೆಯಲ್ಲಿ ಇಂಥ ಮಾತುಕತೆ ರಾತ್ರಿಯೂ ನಿಲ್ಲುವುದಿಲ್ಲ.

ಪರಿಹಾರ ಡಿವೈಸ್ ಮ್ಯಾನೇಜರ್‌ನಲ್ಲಿದೆ. ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗೆ ನಿಮ್ಮ ಲ್ಯಾನ್ ಕಾರ್ಡ್, ಪ್ರಾಪರ್ಟೀಸ್, ಪವರ್ ಮ್ಯಾನೇಜ್‌ಮೆಂಟ್. ಈ ಸಾಧನ ಕಂಪ್ಯೂಟರನ್ನು ಎಬ್ಬಿಸಲಿ ಎಂಬ ಅರ್ಥದ ಟಿಕ್ ತೆಗೆದುಬಿಡಿ. ದೂರದಿಂದ ಎಬ್ಬಿಸುವ ಅಗತ್ಯ ನಿಮಗಿದ್ದರೆ ಆ ಟಿಕ್ ಹಾಗೇ ಇರಲಿ, ಅದರ ಕೆಳಗೆ ಮ್ಯಾಜಿಕ್ ಪ್ಯಾಕೆಟ್‌ಗೆ ಮಾತ್ರ ಎಂಬುದಕ್ಕೆ ಟಿಕ್ ಹಾಕಿ. ಇಷ್ಟೇ. ಇಂಟರ್ನೆಟ್ ವೇಗಕ್ಕೆ ಏನೂ ಆಗುವುದಿಲ್ಲ.

ಇದಾದ ಮೇಲೂ ನಮ್ಮದು ಒಂದು ರಾತ್ರಿ ಎದ್ದಿತು. ಈ ಸಲ ವೇಕ್ ಸೋರ್ಸ್ ಟೈಮರ್ ಎಂದಿತ್ತು, ಪಕ್ಕದಲ್ಲಿ ಅಪ್‌ಡೇಟ್‌ಗೆ ಸೇರಿದ ಕೆಲಸದ ಹೆಸರು. ವಿಂಡೋಸ್‌ಗೆ ರಾತ್ರಿ ಪಾಳಿಯ ಮನೆಗೆಲಸ ಇರುತ್ತದೆ, ಆಟೋಮ್ಯಾಟಿಕ್ ಮೇಂಟೆನೆನ್ಸ್‌ಗೆ ಅದು ಇಟ್ಟುಕೊಂಡಿರುವ ಹೊತ್ತು ಬದಲಿಸದಿದ್ದರೆ ರಾತ್ರಿ 2 ಗಂಟೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಅಡ್ವಾನ್ಸ್ಡ್ ಸೆಟ್ಟಿಂಗ್‌ಗೆ ಹೋಗಿ, ಸ್ಲೀಪ್ ಕೆಳಗಿನ ಅಲೋ ವೇಕ್ ಟೈಮರ್ಸ್ ಎಂಬುದನ್ನು ಡಿಸೇಬಲ್ ಮಾಡಿದೆವು. ಅಲ್ಲಿ ಮುಖ್ಯವಾದವು ಮಾತ್ರ ಎಂಬ ಆಯ್ಕೆಯೂ ಇದೆ; ಅದನ್ನಿಟ್ಟರೆ ಅಪ್‌ಡೇಟ್ ನಂತರದ ರೀಸ್ಟಾರ್ಟ್‌ಗೆ ಯಂತ್ರ ಏಳಬಹುದು. ನಾವು ಪೂರ್ತಿ ಮುಚ್ಚಿದೆವು. ಅಪ್‌ಡೇಟ್‌ಗಳು ಹಗಲು ಕೆಲಸ ಮಾಡುವಾಗ ಬರುತ್ತಿವೆ.

ನಿಮ್ಮಲ್ಲಿ ಮೌಸ್‌ನ ಹೆಸರು ಬಂದರೆ ಅದಕ್ಕೂ ಡಿವೈಸ್ ಮ್ಯಾನೇಜರ್‌ನಲ್ಲಿ ಇದೇ ಟಿಕ್ ಇರುತ್ತದೆ. ಹೊಳಪಿನ ಮೇಜಿನ ಮೇಲಿಟ್ಟ ಆಪ್ಟಿಕಲ್ ಮೌಸ್ ಯಾರೂ ಮುಟ್ಟದಿದ್ದರೂ ಅಲುಗಿದಂತೆ ಭ್ರಮಿಸುವುದುಂಟು. ಮೌಸ್‌ನ ಟಿಕ್ ತೆಗೆದು ಕೀಬೋರ್ಡಿನದು ಉಳಿಸಿ, ಬೆಳಿಗ್ಗೆ ಎಬ್ಬಿಸಲು ಅದು ಸಾಕು. ವೇಕ್ ಸೋರ್ಸ್ ಅನ್‌ನೋನ್ ಎಂದು ಬಂದರೆ ಗಂಟೆ ನೋಡಿ: ದಿನಾ ಒಂದೇ ಹೊತ್ತಿಗೆ ಏಳುತ್ತಿದ್ದರೆ ಟೈಮರ್ ಇರಬಹುದು, ಹೊತ್ತುಗೊತ್ತಿಲ್ಲದೆ ಎದ್ದರೆ ಯಾವುದಾದರೂ ಸಾಧನ. ಲ್ಯಾನ್ ಕೇಬಲ್ ಕಿತ್ತು ಒಂದು ರಾತ್ರಿ ಮಲಗಿಸಿ, ಮರುದಿನ ಮೌಸ್ ತೆಗೆದು ಮಲಗಿಸಿ ನೋಡಿ. ಖರ್ಚಿಲ್ಲದ ಪರೀಕ್ಷೆ.

ಹುಡುಕುವಾಗ ಇನ್ನೊಂದು ಅಪಾಯವಿದೆ. ಡ್ರೈವರ್ ಸರಿಮಾಡುತ್ತೇವೆ ಎನ್ನುವ ಸಾಫ್ಟ್‌ವೇರುಗಳು, ಈ ನಂಬರಿಗೆ ಕರೆ ಮಾಡಿ ಎನ್ನುವ ಪರದೆ ತುಂಬುವ ಎಚ್ಚರಿಕೆಗಳು ಬರುತ್ತವೆ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದಿಲ್ಲ. ಅಂಥವರ ಕೈಗೆ ಕಂಪ್ಯೂಟರ್ ಕೊಟ್ಟು ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಅಂಗಡಿಗೆ ಕೊಡಲೇಬೇಕಾಗಿ ಬಂದರೆ, ಒಪ್ಪಿಗೆಯಿಲ್ಲದೆ ಫಾರ್ಮ್ಯಾಟ್ ಮಾಡಕೂಡದು ಎಂದು ಜಾಬ್ ಶೀಟ್ ಮೇಲೆ ಬರೆಸಿ, ಸಹಿ ಹಾಕಿಸಿ ಫೋಟೋ ತೆಗೆದುಕೊಳ್ಳಿ. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ನಮ್ಮ ಹಳೆಯ ಎಸ್‌ಎಂಪಿಎಸ್ ಕೇಳಿದಾಗ ಅದು ಗುಜರಿಗೆ ಹೋಯಿತು ಎಂಬ ಉತ್ತರ ಬಂತು. ಚೆನ್ನಾಗಿದ್ದ ವಸ್ತು ಅದು. ಬಿಲ್ ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೇಳಬಹುದು; ಸೇವೆಯಲ್ಲಿನ ಕೊರತೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗದ ಬಾಗಿಲೂ ತೆರೆದಿದೆ. ನಮಗೆ ಕೊಟ್ಟದ್ದು ಬರೀ ಚೀಟಿ, ಅಂಗಡಿಯ ಸೀಲು ಕೂಡ ಇಲ್ಲದ್ದು.

ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಬಂದಾಗ ಅಥವಾ ಲ್ಯಾನ್ ಡ್ರೈವರ್ ಹೊಸದಾದಾಗ ತೆಗೆದ ಟಿಕ್ ಮತ್ತೆ ಬಂದು ಕೂತಿರಬಹುದು. ಯಂತ್ರ ಮತ್ತೆ ಏಳತೊಡಗಿದರೆ ಮೊದಲು ಅಲ್ಲಿ ನೋಡಿ.